ದೋಣಿಯ ಕೆಳಗಿನ ಕಬ್ಬಿಣ

ಫೌಂಡ್ರಿಗೆ ಸೇರಲು ಹೊರಟ ಹುಡುಗರು ಈಚೆಗೆ ಪೀರನವಾಡಿಯ ನಮ್ಮ ಮನೆಗೆ ಬಂದು, "ಬೀರಪ್ಪಣ್ಣಾ, ನಮಗೂ ಏನರ ಹೇಳ್ರಿ" ಎಂದು ಕೂಡುತ್ತಾರೆ. ನಾನು ಮೊದಲು ಕೇಳುವುದು ಒಂದೇ ಮಾತು: ನಿನಗೆ ಅಂಜಿಕೆ ಬರುತ್ತದೋ ಇಲ್ಲವೋ? "ಏ, ನಾ ಯಾತಕ್ಕೂ ಅಂಜೂದಿಲ್ರಿ" ಎಂದು ಎದೆಯುಬ್ಬಿಸಿದವನಿಗೆ ಚಹಾ ಕುಡಿಸಿ ಕಳಿಸಿಬಿಡುತ್ತೇನೆ. ಅಂಥವನ ಬಾಜು ನಿಂತು ಕರಗಿದ ಕಬ್ಬಿಣ ಹೊಯ್ಯುವ ಧೈರ್ಯ ನನಗೆ ಯಾವತ್ತೂ ಇರಲಿಲ್ಲ.

ನಾನು ಹುಟ್ಟಾ ಅಂಜುಬುರುಕ. ಖಾನಾಪುರದ ಕಡೆಯ ಕುರಿ ಕಾಯುವ ಮನೆತನ ನಮ್ಮದು. ಚಿಕ್ಕವನಿದ್ದಾಗ ಮಲಪ್ರಭೆಗೆ ಹೊಸ ನೀರು ಬಂದ ದಿನ ನಮ್ಮ ಹಿಂಡು ಹೊಳೆ ದಾಟುತ್ತಿತ್ತು. ಮುಂದಿನ ಟಗರು ಕಾಲು ಜಾರಿತು. ಅದರ ಬೆನ್ನು ಹತ್ತಿದ ಕುರಿಗಳೂ ಹೋದವು. ಅಪ್ಪ ಎದೆಮಟ್ಟದ ನೀರಿನಲ್ಲಿ ನಿಂತು ಹೊಯ್ಕೊಳ್ಳುತ್ತಿದ್ದ. ಅಂದಿನಿಂದ ಬಕೆಟ್ಟಿಗಿಂತ ಹೆಚ್ಚಿನ ನೀರು ಕಂಡರೆ ನಾನು ಹಿಂದೆ ಸರಿಯುತ್ತೇನೆ. ನೀರಿನ ಗೊಡವೆಯಿಲ್ಲದ ಕೆಲಸವೆಂದೇ ಬೆಳಗಾವಿಗೆ ಬಂದು ಫೌಂಡ್ರಿ ಸೇರಿದೆ. ಹೆಲ್ಪರಾಗಿ ಸೇರಿ ಮೋಲ್ಡಿಂಗ್ ಫೋರ್‌ಮನ್ ಆಗಿ ಹೊರಬಿದ್ದೆ. ನಡುವಿನ ಬಡ್ತಿಗಳ ಕಥೆ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ.

ನಾನು ಸೇರಿದಾಗ ನಮ್ಮಲ್ಲೊಂದು ಪದ್ಧತಿ ಇತ್ತು. ಭಾರ ಎತ್ತುವ ರಾಟೆಯನ್ನು ಯಾರು ಎರೆದರೋ ಅವರೇ, ಮೊದಲ ಸಲ ಅದಕ್ಕೆ ಭಾರ ತೂಗುಹಾಕಿದಾಗ, ಅದರ ಕೆಳಗೆ ಹೋಗಿ ನಿಲ್ಲಬೇಕು. ಮೇಲೆ ಟನ್‌ಗಟ್ಟಲೆ ಕಬ್ಬಿಣ ತೂಗಾಡುತ್ತಿರುತ್ತದೆ, ಕೆಳಗೆ ನೀನು. ಸುತ್ತಲಿನವರು "ಮ್ಯಾಲ ನೋಡೋ, ಮ್ಯಾಲ!" ಎಂದು ಕೂಗಿ ನಗುತ್ತಾರೆ. ನನ್ನ ಪಾಳಿ ಬಂದಾಗ ಕಣ್ಣು ಮುಚ್ಚಿ, ಮನೆದೇವರ ಹೆಸರು ಹೇಳಿ ನಿಂತೆ. ಇಳಿದ ಬೆವರಿಗೆ ಚಪ್ಪಲಿ ಜಾರುತ್ತಿತ್ತು. ನಾನು ಫೋರ್‌ಮನ್ ಆದ ಮೇಲೆ ಮಾಡಿದ ಮೊದಲ ಕೆಲಸ ಆ ಹುಚ್ಚಾಟ ನಿಲ್ಲಿಸಿದ್ದು. ಆದರೂ ನಮ್ಮ ಮಾಲಕರು ಬಂದವರೆದುರೆಲ್ಲ ಅದನ್ನು ದೊಡ್ಡಸ್ತಿಕೆಯಿಂದ ಹೇಳುವುದನ್ನು ಮಾತ್ರ ಬಿಡಲಿಲ್ಲ.

ನಿವೃತ್ತಿಗೆ ಸ್ವಲ್ಪ ಮೊದಲು ಒಂದು ಕೆಲಸ ಬಂತು. ಪಂಪು, ಫ್ಲೈವ್ಹೀಲು, ಮಶೀನಿನ ಬೆಡ್ಡು ಎರೆಯುವ ನಮ್ಮಲ್ಲಿಗೆ ದೋಣಿಯ ಕೆಲಸ! ತಂದವಳು ಗೌರಿ. ಮಹಾಂತೇಶ ನಗರದ ಹುಡುಗಿ, ಗೋವಾದಲ್ಲಿ ಹಾಯಿದೋಣಿ ಕಟ್ಟುವಲ್ಲಿ ನಕ್ಷೆ ತೆಗೆಯುವ ಇಂಜಿನಿಯರ್. ನಕ್ಷೆಯನ್ನು ನನ್ನ ಮೇಜಿನ ಮೇಲೆ ಹರವಿದಳು. ದೋಣಿಯ ಹೊಟ್ಟೆಯಿಂದ ಮೀನಿನ ರೆಕ್ಕೆಯ ಹಾಗೆ ಒಂದು ತೆಳು ಹಲಗೆ ನೇರ ಕೆಳಗಿಳಿದಿತ್ತು. ಅದರ ತುದಿಗೆ ದಪ್ಪ ಗಡ್ಡೆ. ಇಡೀ ತುಂಡು ಒಂದೇ ಎರಕದಲ್ಲಿ ಆಗಬೇಕು. ಅದಕ್ಕೆ ಕೀಲ್ ಎನ್ನುತ್ತಾರೆ.

"ಇದರಾಗ ಮಂದಿ ಮಲಗಬೇಕು, ಅಡಗಿ ಮಾಡಬೇಕು, ವಾರಗಟ್ಟಲೆ ನಡುಸಮುದ್ರದಾಗ ಇರಬೇಕು. ಮತ್ತ ರೇಸ್‌ನಾಗ ಓಡಲೂಬೇಕ್ರಿ," ಎಂದಳು ಗೌರಿ. "ಮನಿ ದೊಡ್ಡದ ಮಾಡಿದ್ರ ಓಟ ಹೋಗತೈತಿ. ಓಟ ನೋಡಿದ್ರ ಮನಿ ಹೋಗತೈತಿ. ಎರಡನ್ನೂ ಉಳಸೂದು ಈ ನಿಮ್ಮ ಕಬ್ಬಿಣ."

ನಮಗೆ ತಿಳಿಯಲಿಲ್ಲ. ಆಗ ಅವಳು ಒಂದು ಖಾಲಿ ನೀರಿನ ಬಾಟಲಿ ಇಸಿದುಕೊಂಡು, ದಪ್ಪ ನಟ್ಟೊಂದನ್ನು ಅದರ ತಳಕ್ಕೆ ಟೇಪಿನಿಂದ ಸುತ್ತಿ, ನಮ್ಮ ತಣಿಸುವ ತೊಟ್ಟಿಯಲ್ಲಿ ಬಿಟ್ಟಳು. ಬಾಟಲಿ ನೆಟ್ಟಗೆ ನಿಂತಿತು. ಅಡ್ಡ ಕೆಡವಿದಳು, ಎದ್ದಿತು. ಮತ್ತೆ ಕೆಡವಿದಳು, ಮತ್ತೆ ಎದ್ದಿತು. ಆಮೇಲೆ ಅದೇ ನಟ್ಟನ್ನು ಬಾಟಲಿಯ ನಡುವಿಗೆ ಕಟ್ಟಿ ಬಿಟ್ಟಳು. ಬಾಟಲಿ ಅಡ್ಡ ಬಿದ್ದದ್ದು ಅಡ್ಡವೇ ಉಳಿಯಿತು.

"ನಟ್ಟು ಅದ ಐತಿ, ತೂಕಾ ಅಷ್ಟ ಐತಿ. ಆದ್ರ ಏಳಲಿಲ್ಲ ನೋಡ್ರಿ. ಗಾಳಿ ಹಾಯಿ ಹಿಡದು ದೋಣಿ ಕೆಡವತೈತಿ. ಈ ತೆಳ್ಳನ ರೆಕ್ಕಿ ನೀರ ಕಚ್ಚಿ ಹಿಡದು ದೋಣಿ ಬಾಜೂಕ ಸರಿಯಧಂಗ ನೋಡಕೋತೈತಿ. ತೆಳಗಿನ ಗಡ್ಡಿ ದೋಣಿನ ಎಬ್ಬಸತೈತಿ. ರೆಕ್ಕಿ ತೆಳ್ಳಗಿದ್ದಷ್ಟು ಓಟ, ಭಾರ ತೆಳಗಿದ್ದಷ್ಟು ಜೀವ."

ಹುಡುಗರು ಆಟವೆಂದು ನಕ್ಕರು. ನಾನು ನಗಲಿಲ್ಲ. ತೊಟ್ಟಿಯಲ್ಲಿ ಅಡ್ಡ ಬಿದ್ದ ಆ ಬಾಟಲಿಯನ್ನೇ ನೋಡುತ್ತಿದ್ದೆ. ಅದರೊಳಗೆ ಮನುಷ್ಯರನ್ನು ಕೂಡಿಸಿ ನೋಡುವ ಚಾಳಿ ನನ್ನ ತಲೆಗೆ.

ಮುಂದಿನ ವಾರ ಗೌರಿಯ ತಂದೆ ಶಿವಾನಂದಪ್ಪನವರು ಬಂದರು. ಕಿರಾಣಿಯ ದೊಡ್ಡ ವ್ಯಾಪಾರಸ್ಥರು, ಹಣೆ ತುಂಬ ವಿಭೂತಿ, ಮೆಲುಮಾತು. ಮಗಳು ಆ ದೋಣಿಯ ನಕ್ಷೆ ತೆಗೆದು ಸುಮ್ಮನಿರುವವಳಲ್ಲ. ಇನ್ನೂ ಮೂವರ ಜೊತೆ ಅದನ್ನು ನಡೆಸಿಕೊಂಡು, ದಂಡೆ ಕಾಣದಷ್ಟು ದೂರ ಹೋಗಿ ಬರುವ ಪಂದ್ಯಕ್ಕೆ ಹೊರಟಿದ್ದಳು.

"ಒಬ್ಬಾಕಿನ ಮಗಳ್ರಿ ನನಗ. ಬ್ಯಾಡವ್ವಾ ಅಂದ್ರ ಕೇಳೂದಿಲ್ಲ," ಎಂದು ಅವರು ಮಾಲಕರಿಗೆ ಹೇಳುತ್ತಿದ್ದರು. ಮಾಲಕರು ತಮ್ಮ ಹಳೆಯ ಪುರಾಣ ತೆಗೆದರು: "ಕಾಳಜಿ ಬಿಡ್ರಿ ಸಾಹುಕಾರ್ರ. ನಮ್ಮಲ್ಲಿ ಎರದಾವನ ತನ್ನ ಮಾಲಿನ ತೆಳಗ ಹೋಗಿ ನಿಂದ್ರತಾನ. ಅಂಥಾ ಖಾತ್ರಿ!"

ಶಿವಾನಂದಪ್ಪನವರು ನನ್ನ ಕಡೆ ತಿರುಗಿದರು. "ಹಂಗಾರ ಈ ದೋಣ್ಯಾಗ ನೀವು ಹತ್ತತೀರೇನ್ರಿ?"

ಎಲ್ಲರೂ ಹೋ ಎಂದು ನಕ್ಕರು. ಅವರು ನಗಲಿಲ್ಲ, ಕೇಳಿದ್ದು ಖರೇನೇ ಕೇಳಿದ್ದರು. ನಾನು ಎದ್ದು ಚಹಾ ಹೇಳಲು ಹೋದೆ. ಚಹಾ ಬಂತು, ಮಾತು ಬೇರೆ ಕಡೆ ಹೋಯಿತು. ಅವರು ಹೋಗುವಾಗ ಇನ್ನೊಮ್ಮೆ ನನ್ನ ಮುಖ ನೋಡಿ ಕಾರು ಹತ್ತಿದರು.

ಮರಳಿನಲ್ಲಿ ಒತ್ತಿ ಅಚ್ಚು ಮೂಡಿಸುವ ಕಟ್ಟಿಗೆಯ ಪ್ಯಾಟರ್ನ್ ಮಾಡುವವರು ನಮ್ಮ ತುಕಾರಾಮ ಮಾಮಾ. ಖಾನಾಪುರದ ಮರಾಠಿ ಸುತಾರರು, ಕೈಯಲ್ಲಿ ವಿದ್ಯೆ ಇತ್ತು. ಆದರೆ ನಮ್ಮ ಕಸುಬಿನವರಿಗೆ ಒಂದು ರೂಢಿ ಅಂಟಿರುತ್ತದೆ: ಎಲ್ಲಿ ತೆಳ್ಳಗೆ ಕಂಡಿತೋ ಅಲ್ಲಿ ಕೈಯಾರೆ ಒಂದು ಸೂತು, ಅಂದರೆ ಅಂಗುಲದ ಎಂಟನೆಯ ಒಂದು ಪಾಲು, ಜಾಸ್ತಿ ಕೊಡುವುದು. ಪಂಪಿಗೆ ಕೊಟ್ಟರೆ ಯಾರೂ ಬೇಡ ಅನ್ನುವುದಿಲ್ಲ, ಗಟ್ಟಿಯಾಯಿತೆಂದು ಖುಷಿಪಡುತ್ತಾರೆ. ಆ ದಪ್ಪ ಗಡ್ಡೆಯ ಮೇಲಿನ ತೆಳು ರೆಕ್ಕೆ ನೋಡಿ ಮಾಮಾ ಕಂಗಾಲಾಗಿದ್ದರು. ನಕ್ಷೆ ಬಿಟ್ಟು ರೆಕ್ಕೆಯ ಎರಡೂ ಬದಿಗೆ ಸೂತು ಸೂತು ದಪ್ಪ ಕೊಟ್ಟರು. ಯಾರಿಗೂ ಹೇಳಲಿಲ್ಲ. ಅದು ಹೇಳುವ ವಿಷಯವೆಂದು ಅವರಿಗೆ ಅನ್ನಿಸಲೂ ಇಲ್ಲ.

ಆ ಹೊತ್ತಿಗೆ ಎರಕದ ಕೆಲಸ ಬಹಳ ಬದಲಾಗಿತ್ತು. ಮೊದಲು ಕಬ್ಬಿಣ ಒಳಗೆಲ್ಲಿ ಟೊಳ್ಳು ಬೀಳುತ್ತದೆ ಎಂಬುದು ಒಡೆದು ನೋಡಿದ ಮೇಲೆಯೇ ತಿಳಿಯುತ್ತಿತ್ತು. ಈಗ ಕಂಪ್ಯೂಟರು ಮೊದಲೇ ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಅಲ್ಲಿ ಹೆಚ್ಚಿನ ಕಬ್ಬಿಣ ಕುಡಿಸುವ ವ್ಯವಸ್ಥೆ ಮಾಡಿದರಾಯಿತು. ಒಳ್ಳೆಯ ಸಾಧನ, ಕಲಿತುಕೊಳ್ಳಿ. ಆದರೆ ಹೊಯ್ಯುವ ಹೊತ್ತಿನಲ್ಲಿ ಅದು ಆಫೀಸಿನಲ್ಲಿರುತ್ತದೆ, ನೀವು ಅಚ್ಚಿನ ಬಾಜು ಇರುತ್ತೀರಿ.

ಕೀಲ್ ಹೊಯ್ದ ದಿನದ ನೆನಪಾದರೆ ಈಗಲೂ ನನ್ನ ಅಂಗಾಲು ತಣ್ಣಗಾಗುತ್ತದೆ. ನೆಲದ ತಗ್ಗಿನಲ್ಲಿ ಒಂದರ ಮೇಲೊಂದು ಕೂರಿಸಿದ ಎರಡು ಪೆಟ್ಟಿಗೆಗಳೊಳಗೆ ಮರಳಿನ ಅಚ್ಚು, ಮೇಲಿನ ಪೆಟ್ಟಿಗೆ ಏಳದಂತೆ ಅದರ ಮೇಲೆ ಹೇರಿದ ಕಬ್ಬಿಣದ ಗಟ್ಟಿಗಳು. ಎರಡೂ ಕಡೆಯಿಂದ ಎರಡು ಲೇಡಲ್, ಕರಗಿದ ಕಬ್ಬಿಣ ತುಂಬಿದ ಕೊಳಗಗಳು, ಒಟ್ಟಿಗೆ ಬಗ್ಗಬೇಕು. ಬಗ್ಗಿದವು. ಕಬ್ಬಿಣ ಒಳಗಿಳಿಯುವ ಗುಡುಗುಡು ಕಾಲಲ್ಲಿ ಕೇಳುತ್ತಿತ್ತು. ಅರ್ಧಕ್ಕಿಂತ ಮೇಲೆ ಬಂದಾಗ ಎರಡು ಪೆಟ್ಟಿಗೆಗಳ ಸಂದಿನಲ್ಲಿ ಕುಂಕುಮದ ಗೆರೆ ಎಳೆದಂತೆ ಕೆಂಪು ಕಂಡಿತು. ಕಬ್ಬಿಣ ಮೇಲಿನ ಪೆಟ್ಟಿಗೆಯನ್ನು ಎತ್ತುತ್ತಿತ್ತು! ಅದು ಇನ್ನೊಂದಿಷ್ಟು ಎದ್ದರೆ ಎರಡು ಟನ್ ಬೆಂಕಿ ನಮ್ಮ ಕಾಲಿಗೆ ಬರುತ್ತದೆ.

"ಮರಳ ಹಾಕ್ರೋ! ಓಡಬ್ಯಾಡ್ರಿ, ಮರಳ ಹಾಕ್ರಿ!" ಎಂದು ಕಿರುಚಿದೆ. ನನಗೇ ಓಡಬೇಕೆನ್ನಿಸಿತ್ತು, ಸುಳ್ಳೇಕೆ ಹೇಳಲಿ. ಸಲಿಕೆಗಟ್ಟಲೆ ಮರಳು ಸುರಿದು, ಕ್ರೇನಿನಿಂದ ಇನ್ನೊಂದು ಗಟ್ಟಿ ಇಳಿಸಿ ಒತ್ತಿದೆವು. ಗೆರೆ ಕಪ್ಪಾಯಿತು. ಹೊಯ್ದು ಮುಗಿಸಿ ನೋಡಿದರೆ ನನ್ನ ಪ್ಯಾಂಟಿನ ಅಂಚು ಸುಟ್ಟು ಹೋಗಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

ಪೆಟ್ಟಿಗೆ ಕೂದಲೆಳೆಯಷ್ಟು ಎದ್ದದ್ದರಿಂದಲೂ, ಮಾಮಾ ಕೊಟ್ಟ ದಪ್ಪದಿಂದಲೂ ಕೀಲ್ ನಕ್ಷೆಗಿಂತ ಭಾರವಾಗಿ ಬಂತು. ಭಾರ ಕೂತದ್ದು ಮೇಲೆ, ರೆಕ್ಕೆಯಲ್ಲಿ. ಆ ತೂಕ ಹಾಕಿದ ದಿನ ನಾನು ಫೌಂಡ್ರಿಯಲ್ಲಿರಲಿಲ್ಲ. ನನ್ನ ಹೆಂಡತಿ ಶಾಂತವ್ವನ ಕಣ್ಣಿನ ಆಪರೇಶನ್ನಿಗೆಂದು ನೆಹರು ನಗರದ ಆಸ್ಪತ್ರೆಯಲ್ಲಿದ್ದೆ. ಮರಳಿ ಬಂದಾಗ ಕೀಲ್ ಲಾರಿ ಹತ್ತಿ ಗೋವಾ ಸೇರಿತ್ತು. ದೊಡ್ಡ ಡ್ರಿಲ್ಲಿಂಗ್ ಮಶೀನಿನ ಬುಡದಲ್ಲಿ ಕಬ್ಬಿಣದ ಹೊಸ ಚೂರಿನ ಗುಡ್ಡೆ ಬಿದ್ದಿತ್ತು.

"ಇಷ್ಟ ಯಾತಕ್ಕ ಕೊರದ್ರಿ ಮಾಮಾ?" ಎಂದೆ.

"ಅರೇ, ರೆಕ್ಕಿಗೆ ನಾ ಸೂತು ಸೂತು ದಪ್ಪ ಕೊಟ್ಟಿದ್ನಲ್ಲಾ, ವಜನ್ ಜಾಸ್ತಿ ಆಗಿತ್ತೋ ಬೀರಪ್ಪಾ. ಮಾಲಕರು ತೆಗೀರಿ ಅಂದ್ರು. ಫ್ಲೈವ್ಹೀಲಿಗೆ ಮಾಡತೇವಲ್ಲಾ, ಹಂಗ. ತೆಳಗ ಗಡ್ಡ್ಯಾಗ ಭರಪೂರ ಮಾಲ ಇತ್ತು, ಅಲ್ಲೇ ತೂತ ಹಾಕಿ ತಗದ್ವಿ. ಬಾಯಿಗೆ ಬೂಚು ಹೊಡದು ಸಫಾಯಿ ಮಾಡೇವಿ. ಹೊರಗಿಂದ ದೇವರಿಗೂ ತಿಳಿಯೂದಿಲ್ಲ. ವಜನ್ ಏಕದಂ ಬರಾಬರ್!"

ಅವರ ಮುಖದಲ್ಲಿ ಕೆಲಸ ಚೆನ್ನಾಗಿ ಮುಗಿಸಿದ ಸಂತೋಷವಿತ್ತು. ನನಗೆ ಕಾಣಿಸಿದ್ದು ಬಾಟಲಿ. ನಟ್ಟು ತಳದಿಂದ ನಡುವಿಗೆ ಸರಿದಿತ್ತು. ಫ್ಲೈವ್ಹೀಲಿನಲ್ಲಿ ಭಾರ ಎಲ್ಲಿ ಹೆಚ್ಚಿದೆಯೋ ಅಲ್ಲೇ ಕೊರೆಯುತ್ತೇವೆ. ಇಲ್ಲಿ ಹೆಚ್ಚಾದದ್ದು ಮೇಲೆ, ಕೊರೆದದ್ದು ಕೆಳಗೆ. ತೂಕದ ಕಾಟಾದ ಮೇಲೆ ಎರಡೂ ಒಂದೇ. ಕಿಲೋ ಲೆಕ್ಕದಲ್ಲಿ ಮಾಲು ಕೊಟ್ಟು ರೂಢಿಯಾದ ನಮಗೆ ತೂಕವೆಂದರೆ ತೂಕ, ಅಷ್ಟೇ.

ಮಾಲಕರ ಹತ್ತಿರ ಹೋದೆ. ಅವರು ಕನ್ನಡಕ ತೆಗೆದು ನೋಡಿದರು. "ನಕ್ಷಾದಾಗ ಎಷ್ಟೈತಿ ಅಷ್ಟ ಕೊಟ್ಟೇವಿ. ಅವರು ತಗೊಂಡು ದೋಣಿಗೆ ಬಿಗದೂ ಆತು. ನೀ ಈಗ ಶಂಖಾ ಊದಬ್ಯಾಡ. ರಿಟೈರ್ ಆಗೂ ಹೊತ್ತಿನ್ಯಾಗ ಯಾಕ ಇಲ್ಲದ್ದ ಉಪದ್ವ್ಯಾಪ? ಸುಮ್ಮ ಕುಂದರು."

ಸುಮ್ಮನೆ ಕುಳಿತೆ. ಅಂಜುಬುರುಕನಿಗೆ ಅದೇ ಸುಲಭ. ಗೌರಿಯ ಫೋನಿಗೆ ಹಚ್ಚುತ್ತಿದ್ದೆ, ರಿಂಗಾಗುವ ಮೊದಲೇ ಕತ್ತರಿಸುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ನಡುಸಮುದ್ರದಲ್ಲಿ ಅಡ್ಡ ಬಿದ್ದ ದೋಣಿ, ಅದರೊಳಗೆ ಆ ಹುಡುಗಿ. ದಂಡೆಯ ಮೇಲೆ ನಿಂತು ಹೊಯ್ಕೊಳ್ಳುವವರು ಒಮ್ಮೆ ನನ್ನಪ್ಪ, ಒಮ್ಮೆ ಶಿವಾನಂದಪ್ಪ. ಶಾಂತವ್ವ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಇನ್ನೊಂದರಿಂದ ನನ್ನನ್ನು ನೋಡುತ್ತಿದ್ದಳು. ಕೇಳಿದಳು, ಹೇಳಿದೆ.

"ಇಲ್ಲಿ ಕುಂತು ಅಂಜಿದ್ರ ಆಕಿಗೇನು ಉಪಯೋಗ? ಅಲ್ಲೇ ಹೋಗಿ ಅಂಜ್ರಿ," ಎಂದಳು. "ನನಗ ಒಂದ ಕಣ್ಣು ಸಾಕು, ಭಕ್ರಿ ಬಡಕೋತೀನಿ. ಹೋಗ್ರಿ."

ಮರುದಿನ ಬೆಳಿಗ್ಗೆ ಚೋರ್ಲಾ ಘಟ್ಟದ ಬಸ್ಸು ಹತ್ತಿದೆ. ತಿರುವಿಗೊಮ್ಮೆ ಮುಂದಿನ ಸೀಟಿನ ಸರಳು ಹಿಡಿದುಕೊಳ್ಳುತ್ತಿದ್ದೆ. ಘಟ್ಟಕ್ಕೆ ಅಂಜಿದೆನೋ, ಹೇಳಬೇಕಾದ ಮಾತಿಗೆ ಅಂಜಿದೆನೋ ತಿಳಿಯಲಿಲ್ಲ.

ಗೋವಾದಲ್ಲಿ ದೋಣಿಯನ್ನು ಆಗಲೇ ಹಿನ್ನೀರಿಗೆ ಇಳಿಸಿದ್ದರು. ಬಿಳಿಯ ಚೂಪು ದೋಣಿ, ಹಾಯಿ ಕಟ್ಟುವ ಎತ್ತರದ ಕಂಬ. ಕಂಬದ ತುದಿಗೆ ಹಗ್ಗ ಕಟ್ಟಿ ದಂಡೆಗೆ ಎಳೆದು, ದೋಣಿಯನ್ನು ಪೂರ್ತಿ ಅಡ್ಡ ಕೆಡವಿ, ಅದು ತಾನಾಗಿ ಏಳುವುದೋ ಎಂದು ನೋಡುವ ಪರೀಕ್ಷೆ ಅಂದೇ ಇತ್ತು. ಗೌರಿ ನನ್ನನ್ನು ಕಂಡು ಓಡಿ ಬಂದಳು. "ಏ ಬೀರಪ್ಪಣ್ಣಾ! ನಿಮ್ಮ ಕೂಸು ನೋಡಾಕ ಬಂದ್ರೇನು? ಬರ್ರಿ, ಕುಂದರ್ರಿ."

ನಾನು ಕೂಡಲಿಲ್ಲ. ಕೂತರೆ ಮತ್ತೆ ಬಾಯಿ ತೆರೆಯುತ್ತಿರಲಿಲ್ಲ. "ಯವ್ವಾ, ಮ್ಯಾಲ ರೆಕ್ಕಿ ದಪ್ಪ ಆಗೇತಿ. ತೆಳಗ ಗಡ್ಡಿ ಕೊರದಾರ. ತೂಕಾ ಹೊಂದಸಾಕ," ಎಂದೆ, ಒಂದೇ ಉಸಿರಿಗೆ.

ಅವಳ ನಗು ನಿಂತಿತು. "ಎಷ್ಟ ಕೊರದಾರ?"

"ಗುಡ್ಡಿ ಬಿದ್ದಿತ್ತು ಚೂರಿಂದು."

ಅವಳು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಹಗ್ಗಕ್ಕೆ ತೂಗುಕಾಟಾ ಸಿಕ್ಕಿಸಿದ್ದರು, ನಮ್ಮ ಕ್ರೇನಿಗೆ ಹಾಕುವಂಥದ್ದೇ. ದೋಣಿ ಏಳಲು ಎಷ್ಟು ಜೋರಿನಿಂದ ಜಗ್ಗುತ್ತದೆಂದು ಅದು ತೋರಿಸುತ್ತದೆ. ಹಗ್ಗ ಎಳೆಯತೊಡಗಿದರು. ದೋಣಿ ಬಾಗಿತು, ಇನ್ನೂ ಬಾಗಿತು, ಒಳಗೆ ಏನೋ ಉರುಳಿದ ಸದ್ದಾಯಿತು. ಕಂಬ ನೀರಿಗೆ ತಾಗಿತು. ದೋಣಿಯಲ್ಲಿ ಯಾರೂ ಇರಲಿಲ್ಲ. ಆದರೂ ನಾನು ಕಣ್ಣು ಮುಚ್ಚಿಕೊಂಡೆ. ಗೌರಿ ಕಾಟಾ ನೋಡಿದಳು, ತುಟಿ ಕಚ್ಚಿದಳು. ಹಗ್ಗ ಬಿಟ್ಟರು. ದೋಣಿ ಏಳಲೋ ಬೇಡವೋ ಎಂಬಂತೆ ತಡೆದು, ಈದ ಎಮ್ಮೆಯ ಹಾಗೆ ನಿಧಾನವಾಗಿ ಎದ್ದಿತು.

"ಎದ್ದಿತಲ್ಲವಾ," ಎಂದೆ, ಆಸೆಯಿಂದ.

"ಇಲ್ಲಿ ಎದ್ದಿತ್ರಿ. ಇಲ್ಲಿ ಅಲೆ ಇಲ್ಲ, ಹಾಯಿ ನೀರ ಕುಡದಿಲ್ಲ. ಅಲ್ಲಿ ಒಂದ ಅಲೆ ಕೆಡವಿದ ಮ್ಯಾಲ ಎರಡನೇದು ಬರೂದ್ರಾಗ ಏಳಬೇಕು. ಇದು ಏಳೂದಿಲ್ಲ." ಹಗ್ಗದಿಂದ ಕಾಟಾ ಬಿಚ್ಚುತ್ತ, "ತೂಕಾ ಬರಾಬರ್ ಐತಿ ಅಂತ ನಾನೂ ಕಣ್ಣ ಮುಚ್ಚಿ ತಗೊಂಡ್ನಿ ನೋಡ್ರಿ," ಎಂದಳು.

ಕೀಲ್ ಬಿಚ್ಚಿ ಮರಳಿ ಕಳಿಸಿದರು. ಮಾಲಕರು ಮೊದಲು ನನ್ನ ಮೇಲೆ ಹರಿಹಾಯ್ದರು. ಅವರ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಸಂಜೆ ಹೊತ್ತಿಗೆ ತಾವೇ ಬಂದು ಗಡ್ಡೆಗೆ ಸುತ್ತಿಗೆಯಿಂದ ಬಡಿದು ನೋಡಿದರು. ಒಂದು ಕಡೆ ಠಣ್ ಎಂದಿತು, ಇನ್ನೊಂದು ಕಡೆ ಡಬ್ ಎಂದಿತು. ಸುತ್ತಿಗೆ ಕೆಳಗಿಟ್ಟರು. "ನನ್ನ ಮಗಳೂ ಇಷ್ಟ ವಯಸ್ಸಿನಾಕಿ," ಎಂದರು. "ಒಡದು ಕರಗಸ್ರಿ. ಹೊಸಾದು ಎರೀರಿ."

ತುಕಾರಾಮ ಮಾಮಾ ಮುಖ ಊದಿಸಿಕೊಂಡು ಕೂತರು. ಮುರಿಯಬಾರದೆಂದು ದಪ್ಪ ಕೊಟ್ಟಿದ್ದರು, ಆ ಹುಡುಗಿಯ ಮೇಲಿನ ಮಾಯೆಯಿಂದಲೇ ಕೊಟ್ಟಿದ್ದರು. ಗೌರಿಯೇ ಬಂದು ಅವರ ಬಾಜು ನೆಲದ ಮೇಲೆ ಕುಳಿತಳು. "ಮಾಮಾ, ರೆಕ್ಕಿ ಮುರಿಯೂದಿಲ್ಲ. ಅದರ ಲೆಕ್ಕಾ ನನಗ ಬಿಡ್ರಿ. ಭಾರ ತೆಳಗ ಇಡೂದು ನಿಮ್ಮ ಕೈಯಾಗ ಐತಿ." ಮಾಮಾ ಉಜ್ಜುಗೊರಡು ಎತ್ತಿಕೊಂಡು, ತಾವೇ ಕೊಟ್ಟ ದಪ್ಪವನ್ನು ಸುರುಳಿ ಸುರುಳಿಯಾಗಿ ಕೆತ್ತಿ ತೆಗೆದರು. ನೋಡಿ, ಆ ಮೊದಲ ಕೀಲ್ ಕೆಟ್ಟದ್ದು ಧೈರ್ಯ ಹೆಚ್ಚಾಗಿ ಅಲ್ಲ. ಮಾಮಾ ರೆಕ್ಕೆಗೆ ಅಂಜಿದರು, ಮಾಲಕರು ಗಿರಾಕಿಗೆ ಅಂಜಿದರು, ನಾನು ಮಾಲಕರಿಗೆ ಅಂಜಿದೆ. ಸಮುದ್ರಕ್ಕೆ ಅಂಜಬೇಕಾದ ಕೆಲಸದಲ್ಲಿ ನಾವು ಒಬ್ಬರಿಗೊಬ್ಬರು ಅಂಜಿಕೊಂಡು ಕುಳಿತಿದ್ದೆವು. ಹೊಸಬರು ಇದೊಂದನ್ನು ತಲೆಯಲ್ಲಿಟ್ಟುಕೊಂಡರೆ ಸಾಕು.

ಎರಡನೆಯ ಸಲ ಪೆಟ್ಟಿಗೆಯ ಮೇಲೆ ಬೇಕಾದ್ದಕ್ಕಿಂತ ದುಪ್ಪಟ್ಟು ಭಾರ ಹೇರಿದೆ. ಕೆಂಪು ಗೆರೆ ಕಾಣಲಿಲ್ಲ. ಕೀಲ್ ಬಿಡಿಸಿದ ಮೇಲೆ ಅಂಗುಲ ಅಂಗುಲ ಬಡಿದು ಕೇಳಿದೆ. ಎಲ್ಲ ಕಡೆ ಒಂದೇ ದನಿ.

ದೋಣಿಯನ್ನು ಸಮುದ್ರಕ್ಕೆ ಒಯ್ದು ನೋಡುವ ದಿನ ನಾನು ಯಾರೂ ಕರೆಯದೆಯೇ ಹೋದೆ. ಶಿವಾನಂದಪ್ಪನವರೂ ಬಂದಿದ್ದರು, ದೋಣಿ ಕಟ್ಟುವ ಧಕ್ಕೆಯ ತುದಿಯಲ್ಲಿ ಒಬ್ಬರೇ ನಿಂತಿದ್ದರು. ನಮಸ್ಕಾರ ಮಾಡಿದೆ. ಅವರೂ ಮಾಡಿದರು. ಆ ಹಳೆಯ ಪ್ರಶ್ನೆಯನ್ನು ಅವರು ಮತ್ತೆ ಕೇಳಲಿಲ್ಲ. ಕೇಳದಿದ್ದದ್ದೇ ನನಗೆ ತಡೆಯಲಾಗಲಿಲ್ಲ.

"ಗೌರವ್ವಾ, ನನಗೂ ಒಂದ ಅಂಗಿ ಕೊಡು," ಎಂದೆ, ದೋಣಿಯವರೆಲ್ಲ ತೊಟ್ಟ ಉಬ್ಬಿದ ಕೇಸರಿ ಜಾಕೀಟು ತೋರಿಸಿ.

"ಖರೇನ ಬರ್ತೀರೇನು? ನೀರಂದ್ರ ಅಂಜತೀರಿ ಅಂತಿದ್ರಿ?"

"ಅಂಜತೀನಿ. ಅದಕ್ಕ ಎರಡ ಅಂಗಿ ಕೊಡು."

ಹಿನ್ನೀರಿನ ಬಾಯಿ ದಾಟಿದ ಕೂಡಲೇ ದೋಣಿಯ ನೆಲ ಕಾಲಡಿಯಿಂದ ಜಾರಿತು. ಹಾಯಿ ಗಾಳಿ ತುಂಬಿ ಚಟ್ಟನೆ ಬಡಿಯಿತು. ನಾನು ಒಂದು ಗೂಟ ತಬ್ಬಿಕೊಂಡು ಕುಳಿತೆ. ದೋಣಿ ಓಡತೊಡಗಿತು. ಅಬ್ಬಾ, ಅದೇನು ಓಟ! ಇಂಜಿನ್ನಿಲ್ಲ, ಸದ್ದಿಲ್ಲ, ನೀರು ಹರಿದು ಹೋಗುವ ಸೀಳುದನಿ ಮಾತ್ರ. ಗೌರಿಯ ಮುಖ ಅರಳಿತ್ತು. ಅಷ್ಟರಲ್ಲಿ ಒಂದು ಬಿರುಗಾಳಿ ಬಂದು ಅಪ್ಪಳಿಸಿತು. ದೋಣಿ ಮಲಗಿತು. ನನ್ನ ಕಾಲ ಕೆಳಗಿದ್ದ ನೀರು ಎದೆಯ ಮುಂದೆ ಬಂತು, ಹಸಿರಾಗಿ, ಗೋಡೆಯ ಹಾಗೆ. ಟಗರಿನ ಕೊಂಬು ನೀರಲ್ಲಿ ಮುಳುಗಿದ್ದು ಕಂಡಂತಾಯಿತು. "ಎಪ್ಪಾ!" ಎಂದು ಕೂಗಿದೆನಂತೆ, ನನಗೆ ನೆನಪಿಲ್ಲ.

ನೆನಪಿರುವುದು ಅದರ ಮುಂದಿನದು. ಕೆಳಗೆ, ಕಾಣದ ನೀರಿನಲ್ಲಿ, ಏನೋ ಒಂದು ಜಗ್ಗಿತು. ಬೆನ್ನಿಗೆ ಗೊತ್ತಾಯಿತು ನನಗೆ. ನಮ್ಮ ತಗ್ಗಿನಲ್ಲಿ ಹೊಯ್ದ ಕಬ್ಬಿಣ, ಮಾಮಾ ಕೆತ್ತಿದ ರೆಕ್ಕೆಯ ತುದಿಯಲ್ಲಿ ನಿಂತು, ದೋಣಿಯನ್ನು ಬಾ ಎಂದು ಎಳೆಯುತ್ತಿತ್ತು. ಕಂಬ ಎದ್ದಿತು, ಹಾಯಿ ಎದ್ದಿತು, ನಾವೆಲ್ಲ ಎದ್ದೆವು. ಎರಡನೆಯ ಅಲೆ ಬಂದಾಗ ದೋಣಿ ನೆಟ್ಟಗಿತ್ತು.

ಮರಳಿದಾಗ ಧಕ್ಕೆಯಿಂದ ಶಿವಾನಂದಪ್ಪನವರು ಕೈ ಚಾಚಿದರು. ದೋಣಿ ಮಲಗಿದ್ದನ್ನು ಅವರು ದಂಡೆಯಿಂದ ನೋಡಿದ್ದರು. ಕೈ ಹಿಮದಷ್ಟು ತಣ್ಣಗಿತ್ತು. ಅವರ ಕೈ ಬಿಡದೆ ಮೇಲೆ ಹತ್ತಿದೆ.

"ಅಂಜಿಕಿ ಬಂತೇನ್ರಿ?" ಎಂದರು.

"ಬಂತ್ರಿ. ಜೀವ ಹೋದಂಗ ಆತು," ಎಂದೆ. "ಖರೇ, ನೀರಿಂದು ಬಂತ್ರಿ. ಕಬ್ಬಿಣದ್ದು ಬರಲಿಲ್ಲ."

ಅವರು ನನ್ನ ಕೈ ಹಿಡಿದುಕೊಂಡೇ ದೋಣಿಯ ಕಡೆ ನೋಡಿದರು. ಗೌರಿ ಒದ್ದೆ ಹಾಯಿ ಮಡಚುತ್ತಿದ್ದಳು.

"ಹಂಗಾರ ಹೋಗಿ ಬರಲಿ ಬಿಡ್ರಿ ಆಕಿ," ಎಂದರು.